ಎರಡು ಬಾಗಿಲಿನ ಕಾರು, ಅವ್ವನ ಮೊಣಕಾಲು

ಆ ಕಾರನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕಂಪನಿಯ ಹೆಸರು ಹೇಳುವುದಿಲ್ಲ. ಕಂಪನಿಯವರ ತಪ್ಪೇನೂ ಇರಲಿಲ್ಲ, ಕಾರಿನದೂ ಇರಲಿಲ್ಲ. ಕಾರು ಒಳ್ಳೆಯದೇ. ತಪ್ಪೆಲ್ಲ ಅದನ್ನು ಆರಿಸಿದವರದು. ಆ ಸಾಲಿನಲ್ಲಿ ನಾನೂ ನಿಂತಿದ್ದೆ ಎಂಬುದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಗಂಡ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಮನೆಗೇ ಬಂದಿದ್ದಳು. ಅವಳಿಗೆ ನಾನೊಬ್ಬಳೇ ಮಗಳು. ಅವ್ವನ ಬಲಗಾಲಿನ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಗುಡ್ಡವಾಗಿತ್ತು. ಅವಳ ಒಡಹುಟ್ಟಿದ ಅಕ್ಕ, ನನ್ನ ದೊಡ್ಡವ್ವ, ಸಿಂಧನೂರಿನ ಕಡೆ ಸಾಲಗುಂದದಲ್ಲಿ ಇದ್ದಳು. ಅವಳು ಹಿತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅವಳು ಇಲ್ಲಿಗೆ ಬರಲಾರಳು, ಇವಳು ಅಲ್ಲಿಗೆ ಹೋಗಲಾರಳು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ಎರಡು ವರ್ಷ ಆಗಿತ್ತು.

ಅದಕ್ಕೇ ಕಾರು. ಬೇರೆ ಯಾವ ಕಾರಣಕ್ಕೂ ಅಲ್ಲ. ಹತ್ತು ವರ್ಷ ನಾನು ಪೋಸ್ಟಾಫೀಸಿನಲ್ಲಿ ಕೂಡಿಟ್ಟ ದುಡ್ಡು ಅದು, ನನ್ನ ಸಂಬಳದ್ದು. ಹೊಸ ಕಾರಿಗೆ ಸಾಲದು, ಹಳೆಯದಕ್ಕೆ ಸಾಕು. ಹೊಲಿಗೆಯ ಟೇಪು ಹಿಡಿದು ಅವ್ವನನ್ನು ಸ್ಟೂಲು, ಕಟ್ಟೆ, ಮಂಚ ಎಲ್ಲದರ ಮೇಲೂ ಕೂಡಿಸಿ ಏಳಿಸಿ ನೋಡಿದೆ. ಮಂಚದ ಎತ್ತರ ಅವಳಿಗೆ ಸರಿಹೋಗುತ್ತಿತ್ತು. ಅದರಷ್ಟು ಎತ್ತರದ ಸೀಟು, ಹಿಂದೆ ಕೂಡುವವರಿಗೆ ಅಗಲವಾದ ಬಾಗಿಲು, ಇಷ್ಟೇ ನನ್ನ ಬೇಡಿಕೆ. ಒಂದು ಚೀಟಿಯಲ್ಲಿ ಬರೆದು ಗಂಡನ ಅಂಗಿಯ ಕಿಸೆಯಲ್ಲಿ ಇಟ್ಟೆ. ಆ ಚೀಟಿ ಅಂಗಿಯ ಜೊತೆ ಒಗೆತಕ್ಕೆ ಹೋಯಿತು.

ಮೊದಲು ನೋಡಿದ್ದು ಲಿಂಗಸುಗೂರಿನ ಡಾಕ್ಟರೊಬ್ಬರ ಕಾರು. ನಾಲ್ಕು ಬಾಗಿಲು, ದುಂಡನೆಯ ಮೈ, ಸೋಫಾದಂಥ ಸೀಟು. ಅವ್ವನಿಗೆ ಹೇಳಿ ಮಾಡಿಸಿದ ಹಾಗಿತ್ತು. ನನ್ನ ಗಂಡ ಅದರ ಸುತ್ತ ಒಂದು ಸುತ್ತು ಬಂದು, "ಪೆಟ್ರೋಲು ಕುಡಿತೈತಿ ಇದು. ಮ್ಯಾಲ ನಮ್ಮ ಆಫೀಸಿನಾಗ ಎಲ್ಲಾರು ಟ್ಯಾಕ್ಸಿ ತಂದಾನ ಅಂತಾರ" ಅಂದರು. ಎರಡನೆಯದು ಮಸ್ಕಿಯದೇ ಒಂದು ಜೀಪು. ಅದನ್ನು ಹತ್ತಲು ನನಗೇ ಏಣಿ ಬೇಕಿತ್ತು.

ಮೂರನೆಯದು ಸಿಂಧನೂರಿನ ಭತ್ತದ ಮಿಲ್ಲಿನ ಮಾಲೀಕರೊಬ್ಬರದು. ಹೈದರಾಬಾದಿನಿಂದ ತಂದದ್ದು, ವಿದೇಶದ್ದು, ಡೀಸೆಲ್ಲಿನದು. ಕರೀ ಬಣ್ಣ, ತೊಗಲಿನ ಸೀಟು, ತಣ್ಣನೆ ಗಾಳಿ ಊದುವ ಯಂತ್ರ. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾಗಿತ್ತು. ಅಂಥ ಕಾರು ನಮ್ಮ ಕೈಗೆಟಕುವ ಬೆಲೆಗೆ ಯಾಕೆ ಸಿಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಕಾಲುವೆ ದಾರಿಯ ತಗ್ಗುದಿಣ್ಣೆಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ಒಂದು ನಟ್ಟು ಬೇಕಾದರೂ ಹೈದರಾಬಾದಿಗೆ ಹೋಗಬೇಕು ಎಂಬುದು ಆಮೇಲೆ ಗೊತ್ತಾಯಿತು.

ನನ್ನ ಗಂಡ ಕಾರು ನೋಡಲು ಮೆಕ್ಯಾನಿಕ್ಕನನ್ನು ಕರೆದುಕೊಂಡು ಬರಲಿಲ್ಲ. ತಮ್ಮ ಸೋದರಮಾವನನ್ನು ಕರೆದುಕೊಂಡು ಬಂದರು. ಮಾವನ ಕಸುಬು ಎತ್ತಿನ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ವಯಸ್ಸು ಹೇಳುವುದರಲ್ಲಿ, ಮೈಮೇಲಿನ ಕೂದಲ ಸುಳಿ ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಅದರಲ್ಲಿ ಅವನಿಗೆ ನನ್ನ ಕಡೆಯಿಂದಲೂ ಪೂರ್ತಿ ಅಂಕ. ಆದರೆ ಕಾರಿಗೆ ಹಲ್ಲೆಲ್ಲಿದೆ?

ಇದೆ ಅನ್ನುವ ಹಾಗೆಯೇ ಅವನು ನೋಡಿದ. ಮುಂದಿನ ಜಾಳಿಗೆಯೊಳಗೆ ಬೆರಳಾಡಿಸಿದ. ಒಂದೊಂದೇ ಟೈರನ್ನು ಗೊರಸು ತಟ್ಟಿದ ಹಾಗೆ ತಟ್ಟಿದ. ಬಾನೆಟ್ಟಿಗೆ ಕಿವಿಯಿಟ್ಟು, "ಪಂಪ್‌ಸೆಟ್ ಬಡದಂಗ ಬಡಿತೈತಿ, ಗಟ್ಟಿ ಐತಿ ಜೀವ" ಅಂದ. ಹೊಗೆ ಬರುವ ಕೊಳವೆಗೆ ಬಿಳೀ ಕರವಸ್ತ್ರ ಹಿಡಿದು ಮೂಸಿದ. ಹಿಂದಿನ ಮಡ್‌ಗಾರ್ಡಿನ ಮೇಲೆ ದುಂಡಗೆ ಒಂದು ಗೀರು ಇತ್ತು. ಅದರ ಮೇಲೆ ಬಹಳ ಹೊತ್ತು ಕೈಯಾಡಿಸಿ, "ಸುಳಿ ಸರಿ ಇಲ್ಲರೀ ಇದರದು, ಒಂದೀಟು ಇಳಸ್ರಿ" ಎಂದು ಮಾಲೀಕರಿಗೆ ಹೇಳಿದ. ಅವರು ನಕ್ಕರು. ನನ್ನ ಗಂಡನೂ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟೆಲ್ಲ ಪರೀಕ್ಷೆ ನಡೆದರೂ ಒಬ್ಬರಾದರೂ ಹಿಂದಿನ ಸೀಟಿನಲ್ಲಿ ಹೋಗಿ ಕೂತು ನೋಡಿರಲಿಲ್ಲ.

"ಎರಡ ಬಾಗಿಲಾ ಅದಾವಲ್ರೀ. ಹಿಂದ ಹೆಂಗ ಕುಂಡ್ರಬೇಕು?" ಎಂದು ಗಂಡನನ್ನು ಕೇಳಿದೆ.

"ಮುಂದಿನ ಸೀಟು ಬಗ್ಗತೈತಿ, ಸಂದಿಲೆ ಹೋಗಬೇಕು. ಬಾಗಿಲಾ ಜಾಸ್ತಿ ಇದ್ರ ಧೂಳೂ ಜಾಸ್ತಿ."

ಮಾಲೀಕರು ಆಂಧ್ರದ ಕಡೆಯವರು, ಮೆತ್ತಗಿನ ಮಾತಿನವರು. "ಇದಕ್ಕ ಕೂಪೆ ಅಂತಾರಮ್ಮಾ. ದೊರೆಗಳ ಗಾಡಿ. ದೊರೆಗಳು ಹಿಂದ ಯಾರನ್ನೂ ಕೂಡಸಂಗಿಲ್ಲ" ಅಂದರು. ಆ ಮನುಷ್ಯ ನಿಜವನ್ನೇ ಹೇಳಿದ್ದರು. ಕೇಳಿಸಿಕೊಳ್ಳುವ ಕಿವಿ ನಮಗಿರಲಿಲ್ಲ.

ಅಷ್ಟರಲ್ಲಿ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಸಿದ. ಎತ್ತಿನ ಸಂತೆ ನೋಡಿದವರಿಗೆ ಇದು ಗೊತ್ತು. ಕೊಡುವವನೂ ಕೊಳ್ಳುವವನ ದಲ್ಲಾಳಿಯೂ ಟವೆಲ್ಲಿನ ಕೆಳಗೆ ಕೈ ಕೂಡಿಸುತ್ತಾರೆ, ಬೆರಳು ಹಿಡಿದೇ ಬೆಲೆ ಹೇಳುತ್ತಾರೆ. ಹೊರಗಿನವರಿಗೆ ಕಾಣುವುದು ಟವೆಲ್ ಅಲುಗುವುದು ಮಾತ್ರ. ಬೆರಳು ಹಿಡಿದಿರುವಾಗ ಮೂರನೆಯವರು ಬಾಯಿ ಹಾಕಬಾರದು. ಹಾಕಿದರೆ ವ್ಯಾಪಾರಕ್ಕೆ ಅಪಶಕುನ, ದಲ್ಲಾಳಿಗೆ ಅವಮಾನ. ಮಾಲೀಕರಿಗೂ ಆ ಆಟ ಬರುತ್ತಿತ್ತು. ನಾನು "ಮಾವಾ, ಒಂದು ಮಾತು" ಎಂದೆ. ಮಾವ ನನ್ನ ಕಡೆ ತಿರುಗದೆಯೇ, "ಯವ್ವಾ, ಬೆರಳು ಹಿಡದೀನಿ. ಸುಮ್ನಿರು" ಅಂದ. ಗಂಡ ಕಣ್ಣು ಬಿಟ್ಟರು. ನನ್ನ ಹತ್ತು ವರ್ಷದ ದುಡಿಮೆ ಆ ಟವೆಲ್ಲಿನ ಕೆಳಗೆ ನನಗೇ ಕಾಣದ ಹಾಗೆ ಮಾರಾಟವಾಗುತ್ತಿತ್ತು. ನಾನು ಸುಮ್ಮನಾದೆ. ಮಕ್ಕಳು ತಪ್ಪು ಲೆಕ್ಕ ಮಾಡಿದರೆ ಬೆತ್ತ ಹಿಡಿಯುತ್ತಿದ್ದ ನಾನು ಅವತ್ತು ಯಾಕೆ ಸುಮ್ಮನಾದೆನೋ! ಆ ಸಿಟ್ಟು ಇನ್ನೂ ನನ್ನ ಮೇಲೇ ಇದೆ.

ಕಾರು ಮಸ್ಕಿಗೆ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ಓಣಿಯೆಲ್ಲ ನೆರೆಯಿತು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಅಕ್ಕನಿಗೆ ಎಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊರಗೆ ಬಂದಳು. ಗಂಡ ಮುಂದಿನ ಸೀಟು ಬಗ್ಗಿಸಿದರು. ಅವ್ವ ಎಡಗಾಲು ಒಳಗಿಟ್ಟಳು, ತಲೆ ಬಗ್ಗಿಸಿದಳು. ಬಲಗಾಲು ಬರಲಿಲ್ಲ. ನಾನು ಹಿಂದಿನಿಂದ ತಳ್ಳಿದೆ. ಅರ್ಧ ಒಳಗೆ ಅರ್ಧ ಹೊರಗೆ ಅವಳು ಸಿಕ್ಕಿಹಾಕಿಕೊಂಡಳು, ಸೆರಗು ಜಾರಿತು, ಓಣಿಯ ಯಾರೋ ಕಿಸಕ್ಕನೆ ನಕ್ಕರು. ಅವ್ವ ಹಾಗೇ ಹಿಂದೆ ಸರಿದು ಕೆಳಗಿಳಿದಳು.

"ಅತ್ತಿ ಮುಂದ ಕುಂಡ್ರಲಿ, ನಾ ಏನರ ಬ್ಯಾಡ ಅಂದೀನೇನು?" ಎಂದರು ಗಂಡ.

ಬ್ಯಾಡ ಅನ್ನಬೇಕಾಗಿಯೇ ಇರಲಿಲ್ಲ. ಒಂದೇ ಸೂರಿನಡಿ ಇದ್ದರೂ ಅವ್ವ ಅಳಿಯನ ಎದುರು ಮಂಚದ ಮೇಲೆ ಕೂತವಳಲ್ಲ. ಅವರು ಪಡಸಾಲೆಗೆ ಬಂದರೆ ಸೆರಗೆಳೆದುಕೊಂಡು ಒಳಗೆ ಸರಿಯುತ್ತಿದ್ದಳು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಸರಿಸಮ ಕೂಡುವುದಿಲ್ಲ. ಅಂಥವಳು ಕಾರು ಓಡಿಸುವ ಅವರ ಪಕ್ಕ ತೋಳಿಗೆ ತೋಳು ತಾಗುವ ಹಾಗೆ ಕೂತು ಊರ ಮುಂದೆ ಮೆರವಣಿಗೆ ಹೋಗಬೇಕೇ? "ಅಳಿಯಂದಿರ ಬಾಜೂಕ ನಾ ಹೆಂಗ ಕುಂಡ್ರಲಿಬೇ? ನೀವು ಹೋಗಿ ಬರ್ರಿ. ಅಕ್ಕಗ ಹೋಳಿಗಿ ಕೊಡ್ರಿ" ಎಂದು ಗಂಟು ನನ್ನ ಕೈಗಿಟ್ಟು ಒಳಗೆ ಹೋದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಕಾಲು ಮಡಚದಿದ್ದರೆ ಹಾಳಾಗಲಿ, ಹಠವಾದರೂ ಮಡಚಬಾರದೇ?

"ಡ್ರೈವರ್‌ನ ಇಡೂಣ್ರೀ. ಅವ್ವ ಮುಂದ ಕುಂಡ್ರತಾಳ, ನೀವು ಹಿಂದ ಕುಂಡ್ರಿ" ಎಂದೆ ಅವತ್ತು ಸಂಜೆ.

"ಬ್ಯಾರೇದವ್ರ ಕೈಯಾಗ ಕೊಡೂ ಗಾಡಿ ಅಲ್ಲ ಇದು."

ಒಂದು ವರ್ಷ ಆ ಕಾರು ಯಾರು ಯಾರನ್ನೋ ಹೊತ್ತಿತು. ಮಾವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರೂರ ಸಂತೆಗೆ ಹೋಯಿತು. ಗಂಡನ ಸಾಹೇಬರ ಮಗನ ಮದುವೆಗೆ ಹೂ ಸುತ್ತಿಕೊಂಡು ಹೋಯಿತು; ಹಿಂದೆ ಕೂತ ಮದುಮಗಳನ್ನು ಇಳಿಸಲು ನಾಲ್ಕು ಜನ ಬೇಕಾಯಿತಂತೆ. ಉಳಿದ ದಿನ ಅಂಗಳದಲ್ಲಿ ತಾಡಪತ್ರಿ ಹೊದ್ದು ಮಲಗಿರುತ್ತಿತ್ತು. ಅವ್ವ ದಿನಾ ಬೆಳಿಗ್ಗೆ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಸಾಲಗುಂದದಿಂದ ಬಂದವರ ಬಾಯಲ್ಲಿ ದೊಡ್ಡವ್ವ ಹೇಳಿಕಳಿಸುತ್ತಿದ್ದಳು: "ಕಾರು ತಗೊಂಡೀರಂತ. ನನ್ನ ತಂಗಿ ಯಾವಾಗ ಬರ್ತಾಳ?" ಅವ್ವ ಬಂದವರಿಗೆ ಚಹಾ ಕೊಟ್ಟು, "ಮಗಳಿಗೆ ಸಾಲಿ ಸೂಟಿ ಬೀಳಲಿ" ಅನ್ನುತ್ತಿದ್ದಳು. ನನಗೆ ಎರಡೆರಡು ಸಲ ಸೂಟಿ ಬಂದು ಹೋಗಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ನಮ್ಮ ಮನೆಯ ಮುಂದೆ ಸಾಲಗುಂದಕ್ಕೆ ವಾಪಸು ಹೊರಟ ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಗೆ ಒರಗಿಸಿ ಎರಡು ಗೊಬ್ಬರದ ಚೀಲ ಇಟ್ಟಿದ್ದರು, ಮೆಟ್ಟಿಲಿಗೆ. ಇಬ್ಬರು ಹಮಾಲರು ಅವ್ವನ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎತ್ತುತ್ತಿದ್ದರು. "ಯವ್ವಾ, ಯವ್ವಾ" ಎಂದು ಅವಳು ನರಳುತ್ತಿದ್ದಳು. ಅದೇ ಅಂಗಳದಲ್ಲಿ, ಎರಡು ಮಾರು ದೂರದಲ್ಲಿ, ತೊಗಲಿನ ಸೀಟಿನ ಕಾರು. ನನ್ನನ್ನು ಕಂಡ ಕೂಡಲೇ ಅವ್ವ ಕಳ್ಳತನದಲ್ಲಿ ಸಿಕ್ಕವಳ ಹಾಗೆ ಮುಖ ಮುಚ್ಚಿಕೊಂಡಳು. ಹಮಾಲರು ಅವಳನ್ನು ಇಳಿಸಿದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ: ಹಮಾಲರಿಗೆ, ಟ್ರ್ಯಾಕ್ಟರಿನವನಿಗೆ, ಅವ್ವನಿಗೆ. ಪಾಪ, ಅವರಲ್ಲಿ ಯಾರದೂ ತಪ್ಪಿರಲಿಲ್ಲ. ಆಮೇಲೆ ತಾಡಪತ್ರಿ ಕಿತ್ತು ಎಸೆದು, ಕಾರಿಗೆ ಎದುರಾಗಿ ನಿಂತೆ. ಬೈಯಲು ಬಾಯಿ ತೆರೆದರೆ ಕಾರಿನ ಗಾಜಿನಲ್ಲಿ ನನ್ನದೇ ಮುಖ ಕಂಡಿತು. ಮುಂದೆ ಎರಡು ಸೀಟು ಇವೆ. ಒಂದರಲ್ಲಿ ಅವ್ವ ಕೂಡಬಲ್ಲಳು, ಇನ್ನೊಂದರಲ್ಲಿ ಅಳಿಯ ಇಲ್ಲದಿದ್ದರೆ. ಗಣಿತದ ಟೀಚರಿಗೆ ಈ ಲೆಕ್ಕ ಬಿಡಿಸಲು ಒಂದು ವರ್ಷ ಬೇಕಾಗಿತ್ತು.

ಹಿಂದಿನ ಓಣಿಯಲ್ಲಿ ಸರ್ಕಾರಿ ಜೀಪು ಓಡಿಸಿ ನಿವೃತ್ತರಾದ ಮುದುಕರೊಬ್ಬರಿದ್ದರು. ಅವರ ಹತ್ತಿರ ಹೋದೆ. ಮರುದಿನದಿಂದಲೇ ಬೆಳಿಗ್ಗೆ ಬೆಳಿಗ್ಗೆ ಶಾಸನದ ಗುಡ್ಡದ ಕೆಳಗಿನ ಬಯಲಿನಲ್ಲಿ, ಅವರು ಎರವಲು ತಂದ ಹಳೆಯ ಗಾಡಿಯಲ್ಲಿ ಕಲಿಕೆ. "ಕ್ಲಚ್ ಮ್ಯಾಲ ಯಾಕಿಷ್ಟು ಸಿಟ್ಟು ಟೀಚರ? ಅದೇನು ಮಾಡೇತಿ ನಿಮಗ?" ಎಂದು ಅವರು ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಕುರುಕ್ಷೇತ್ರ.

"ಹೆಣ್ಮಕ್ಕಳು ಗಾಡಿ ಹೊಡದ್ರ ಊರು ಏನಂತೈತಿ?" ಅಂದರು ಗಂಡ.

"ನಿಮ್ಮ ಅತ್ತಿನ ಗೊಬ್ಬರದ ಚೀಲದ ಮ್ಯಾಲ ಹತ್ತಿಸಿದಾಗ ಊರು ಏನಂತು? ಅದನ್ನ ಕೇಳಿಕೊಂಡು ಬರ್ರಿ ಮೊದಲ. ನನ್ನ ಸಂಬಳದ ಗಾಡಿ. ಬೀಗದಕೈ ಇಡ್ರಿ ಇಲ್ಲಿ."

ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬೀಗದಕೈ ದೇವರ ಗೂಡಿನಲ್ಲಿ ಇತ್ತು. ಲೈಸೆನ್ಸಿಗೆ ರಾಯಚೂರಿಗೆ ಎರಡು ಸಲ ಅಲೆದೆ.

ಹೊರಟ ದಿನ ಸೀಟಿನ ತಗ್ಗು ತುಂಬಲು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ. ಅವ್ವ ಬೆನ್ನು ಒಳಗಿಟ್ಟು ಕೂತಳು, ಆಮೇಲೆ ನಾನು ಅವಳ ಕಾಲು ಎರಡನ್ನೂ ಎತ್ತಿ ಒಳಗಿಟ್ಟೆ. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಗಂಡನೂ ಬರುತ್ತೇನೆಂದರು, ನಾನು ಎಲ್ಲಾದರೂ ಗುದ್ದಿದರೆ ಎಂಬ ಹೆದರಿಕೆಗೆ. ನನ್ನ ಸೀಟು ಬಗ್ಗಿಸಿ ಸಂದಿಯಲ್ಲಿ ಹಿಂದೆ ತೂರಿದರು. ಮಸ್ಕಿ ದಾಟಿರಲಿಲ್ಲ, "ಇಲ್ಲಿ ಕಾಲು ಇಡಾಕ ಜಾಗಾನ ಇಲ್ಲಲ್ಲ!" ಎಂಬ ಧ್ವನಿ ಬಂತು. ಒಂದು ವರ್ಷದಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಲುವೆ ದಾರಿಯ ಒಂದು ತಗ್ಗನ್ನೂ ಬಿಡದೆ ಇಳಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಸಾಲಗುಂದದಲ್ಲಿ ದೊಡ್ಡವ್ವ ಮಲಗಿದಲ್ಲಿಂದಲೇ ಎರಡೂ ಕೈ ಚಾಚಿದಳು. ಅಕ್ಕತಂಗಿಯರು ಒಬ್ಬರ ಕೆನ್ನೆ ಒಬ್ಬರು ತಡವಿ ಬಹಳ ಹೊತ್ತು ಅತ್ತರು. ಆಮೇಲೆ ದೊಡ್ಡವ್ವ ಕಣ್ಣೊರೆಸಿಕೊಂಡು ತಂಗಿಯನ್ನು ಗದರಿದಳು:

"ಕಾರು ಬಂದು ವರ್ಷ ಆತಂತ. ಇಷ್ಟು ದಿನ ಯಾಕ ಬರಲಿಲ್ಲಬೇ ನೀ?"

ಅವ್ವ ಬಾಗಿಲಲ್ಲಿ ಬೀಗದಕೈ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ಸಿಟ್ಟಿಲ್ಲದೆ, ಯಾವ ಕೊಂಕೂ ಇಲ್ಲದೆ ಹೇಳಿದಳು:

"ಕಾರು ವರ್ಷದ ಹಿಂದನ ಬಂದೈತಿ ಅಕ್ಕಾ. ಅದು ತನ್ನದು ಅಂತ ನನ್ನ ಮಗಳಿಗೆ ಮೊನ್ನೆ ಗೊತ್ತಾಗೈತಿ."