ಬಾಗಿಲು ಕಳಚಿದ ನೆಮ್ಮದಿ ಮೇಸ್ತ್ರಿ

ನನ್ನ ತಮ್ಮ ಕಂಡವರ ಮನೆಯೊಳಗೆ ನೆಮ್ಮದಿ ಕೂರಿಸಿಕೊಡುವ ಕೆಲಸ ಮಾಡುತ್ತಾನೆ. ಗೋಡೆಗೆ ಯಾವ ಬಣ್ಣ ಬಳಿದರೆ ಸಿಟ್ಟು ಇಳಿಯುತ್ತದೆ, ಮಂಚ ಎತ್ತ ತಿರುಗಿಸಿದರೆ ದುಃಖ ಕಡಿಮೆಯಾಗುತ್ತದೆ, ಎಲ್ಲ ಅವನ ನಾಲಿಗೆ ತುದಿಯಲ್ಲಿದೆ. ಅವನ ಬಡಗಿ ಅವನಿಗಿಟ್ಟ ಹೆಸರು ನೆಮ್ಮದಿ ಮೇಸ್ತ್ರಿ. ಅದು ಹೊಗಳಿಕೆ ಅಂತಲೇ ಇವನು ತಿಳಿದಿದ್ದಾನೆ, ಪಾಪ.

ಬಂದವರಿಗೆ ತೋರಿಸಲು ಮಾದರಿ ಮನೆಯೊಂದು ಬೇಕಲ್ಲ, ತನ್ನ ಮನೆಯನ್ನೇ ಮಾಡಿಕೊಂಡ. ಮೊದಲು ಗೋಡೆ ಗಡಿಯಾರ ಹೋಯಿತು. ಟಿಕ್ ಟಿಕ್ ಸದ್ದಿಗೆ ಆತಂಕ ಹೆಚ್ಚುತ್ತದಂತೆ. ಅವನ ಮಗಳಿಗೆ ಒಂದೇ ವಾರದಲ್ಲಿ ಎರಡು ಸಲ ಸ್ಕೂಲ್ ಬಸ್ ತಪ್ಪಿತು. ಆಗ ಯಾರ ಆತಂಕ ಇಳಿಯಿತೋ ಕೇಳಬೇಡಿ. ಆಮೇಲೆ ಅಡುಗೆಮನೆಯ ಟ್ಯೂಬ್‌ಲೈಟ್ ಹೋಗಿ ಮಬ್ಬು ದೀಪ ಬಂತು. ಅವನ ಹೆಂಡತಿ ಈರುಳ್ಳಿ ಜೊತೆ ಬೆರಳನ್ನೂ ಹೆಚ್ಚಿಕೊಂಡಳು. ಕೊನೆಗೊಂದು ದಿನ ಬಡಗಿಯನ್ನು ಕರೆಸಿ, ಬಚ್ಚಲುಮನೆಯದ್ದೊಂದು ಬಿಟ್ಟು ಒಳಗಿನ ಬಾಗಿಲುಗಳನ್ನೆಲ್ಲ ಕಳಚಿಸಿಬಿಟ್ಟ. ಅಂದಿನಿಂದ ಹೆಂಡತಿಗೆ ಸ್ನಾನಕ್ಕೆ ಒಂದೊಂದು ಗಂಟೆ ಹಿಡಿಯತೊಡಗಿತು.

“ಬಾಗಿಲು ಮುಚ್ಚಿದ್ರೆ ಮನಸ್ಸೂ ಮುಚ್ಚುತ್ತೆ ಅಕ್ಕಾ,” ಅಂದ ನನಗೆ.

ನನಗೆ ಮೈಯೆಲ್ಲ ಉರಿಯಿತು. ಚಿಕ್ಕವನಿದ್ದಾಗ ಅಪ್ಪ ಗದರಿಸಿದರೆ ಸಾಕು, ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡು ಅಳುತ್ತಿದ್ದವನು ಇವನೇ. ಯಾರೂ ಒಳಗೆ ಹೋಗದ ಹಾಗೆ ಹೊರಗೆ ಕಾವಲು ಕೂರುತ್ತಿದ್ದವಳು ನಾನು. ಈಗ ಬಂದ, ದೊಡ್ಡ ಮನುಷ್ಯ!

ಮಗಳಿಗೆ ಹದಿನಾಲ್ಕು. “ಅಪ್ಪಾ, ನನ್ನ ರೂಮಿಗೆ ಬಾಗಿಲು ಹಾಕಿಸಿಕೊಡು,” ಅಂದಳು. ಮುಕ್ತ ಮಾತುಕತೆಯ ಮಹಿಮೆ ಕುರಿತು ಅರ್ಧ ಗಂಟೆ ಕೊರೆದ. ಮತ್ತೆ ಕೇಳಿದಳು, ಮತ್ತೆ ಕೊರೆದ. ಮೂರನೇ ಸಲ ಅವಳು ಕೇಳಲಿಲ್ಲ, ಅಪ್ಪನ ಜೊತೆ ಮಾತನ್ನೇ ಬಿಟ್ಟಳು. “ನೋಡಕ್ಕಾ, ಎಷ್ಟು ಶಾಂತವಾಗಿಬಿಟ್ಟಿದ್ದಾಳೆ!” ಅಂತ ಇವನು ಬೀಗಿದ. ಮಗಳು ಕೈತಪ್ಪಿ ಹೋಗ್ತಿದ್ದಾಳೆ ಕಣೋ ಅಂತ ಬೈದೆ. ಕಿವಿಗೆ ಹಾಕಿಕೊಂಡರೆ ತಾನೆ!

ಒಂದು ಭಾನುವಾರ, ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ ಮಾದರಿ ನೋಡಲು ಬಂದರು. ನಾನೂ ಅಲ್ಲೇ ಇದ್ದೆ. “ಇದು ನನ್ನ ಮಗಳ ರೂಮು. ಇಲ್ಲಿ ಅವಳು ಎಷ್ಟು ನಿರಾಳವಾಗಿರ್ತಾಳೆ ಗೊತ್ತಾ?” ಅನ್ನುತ್ತ, ಅಚ್ಚುಕಟ್ಟು ತೋರಿಸಲು ಬಟ್ಟೆಯ ಬೀರು ತೆರೆದ.

ಒಳಗೆ ಮಗಳು ಕೂತಿದ್ದಳು. ಮೊಣಕಾಲು ಎದೆಗೆ ಒತ್ತಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದುಕೊಂಡು, ತೂಗುಹಾಕಿದ ಬಟ್ಟೆಗಳ ಕೆಳಗೆ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ಇಲ್ಲೇನು ಮಾಡ್ತಿದ್ದೀಯೇ?” ಅಂದ ತಮ್ಮ.

“ಬಚ್ಚಲುಮನೇಲಿ ಅಮ್ಮ ಇದ್ದಾಳೆ. ಅದು ಬಿಟ್ರೆ ಬಾಗಿಲಿರೋದು ಇದಕ್ಕೊಂದಕ್ಕೇ,” ಅಂದಳು.

ಬಂದವರು ಮುಖ ಮುಖ ನೋಡಿಕೊಂಡರು. “ನಮ್ಮನೇಗೆ ಬಾಗಿಲುಗಳಿರ್ಲಿ ಸಾರ್,” ಅಂದು ಆ ಹೆಂಗಸು ಗಂಡನನ್ನು ಎಳೆದುಕೊಂಡೇ ಹೊರಟಳು.

ತಮ್ಮ ಬೀರಿನ ಮುಂದೆ ನಿಂತೇ ಇದ್ದ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವನ ಮುಖ ಕಂಡಿತು. ಚಿಲಕ ಹಾಕಿಕೊಂಡು ಅಳುತ್ತಿದ್ದ ಹುಡುಗನ ಮುಖವೇ ಅದು.

ಮರುದಿನ ಬಡಗಿ ಬಂದು ಮಗಳ ರೂಮಿಗೆ ಬಾಗಿಲು ಕೂರಿಸಿದ, ಚಿಲಕದ ಸಮೇತ. “ಮನಸ್ಸು ಮುಚ್ಚಿಹೋಗಲ್ವಾ ಸಾರ್?” ಅಂತ ಕೇಳಿಯೂ ಕೇಳಿದ, ಕಿಲಾಡಿ. ಮಗಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ತಮ್ಮ ಹೊರಗೆ ಸ್ವಲ್ಪ ಹೊತ್ತು ಸುಳಿದಾಡಿ, ಮೆಲ್ಲಗೆ ತಟ್ಟಿದ.

“ಯಾರು?”

“ನಾನಮ್ಮ, ಅಪ್ಪ.”

“ಆಮೇಲೆ ಬಾ.”

ನೆಮ್ಮದಿ ಮೇಸ್ತ್ರಿ ಬಾಗಿಲ ಹೊರಗೆ ನೆಲದ ಮೇಲೆ ಕೂತ, ಹಿಂದೆ ನಾನು ಕೂರುತ್ತಿದ್ದ ಹಾಗೆ. ಅಷ್ಟರಲ್ಲಿ ಬಚ್ಚಲುಮನೆಯೊಳಗಿಂದ ಹೆಂಡತಿಯ ದನಿ ಬಂತು.

“ರೀ, ನನಗೊಂದು ಬಾಗಿಲು ಯಾವಾಗ?”