ಸದ್ದಡಗದ ಗಾಡಿ

"ಸದ್ದು ಪೂರಾ ಅಡಗ್ಸಿ ಕೊಡ್ತೀನಿ ಸಾರ್," ಎಂದು ಮದ್ದೂರಿನ ಮೆಕ್ಯಾನಿಕ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಪಾಪ, ಅವನು ಹೇಳಿದ್ದು ಅಪ್ಪನ ಹಳೇ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ವಿಷಯ. ಒಳಗಿನ ತೂತಿನ ಕೊಳವೆಯನ್ನು ಯಾರೋ ಕಿತ್ತುಹಾಕಿದ್ದಾರೆ, ಕಂಪನಿಯ ಸದ್ದು ಹೀಗಿರಲಿಲ್ಲ, ಹೊಸದು ಕೂರಿಸಿದರೆ ಬೆಕ್ಕಿನ ಹಾಗೆ ಹೋಗುತ್ತದೆ ಎಂದ.

ಯಾರೋ ಅಲ್ಲ, ಕಿತ್ತದ್ದು ಅಪ್ಪನೇ.

ಅಪ್ಪನಿಗೆ ಬ್ಲಫ್ ಎಂಬ ಊರಿನಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ನಮ್ಮ ಕೇರಿಯಿಂದ ಡಾಂಬರು ರಸ್ತೆಗೆ ಹೋಗಲು ಮೇಲ್ಜಾತಿಯವರ ಬೀದಿಯನ್ನು ದಾಟಲೇಬೇಕಿತ್ತು. ಗಾಡಿ ಕೊಂಡ ಹೊಸದರಲ್ಲೇ ಅಲ್ಲಿನ ಜಗಲಿಯೊಂದರಿಂದ ಅಪ್ಪಣೆಯಾಯಿತು: "ನಮ್ ಬೀದೀಲಿ ನೀನು ಗಾಡಿ ಮೇಲೆ ಕುಂತ್ಕಂಡು ಓಗಂಗಿಲ್ಲ. ಇಳ್ದು ನಡ್ಕಂಡು ಓಗ್ಲಾ."

ಅಪ್ಪ ಇಳಿದ. ಹಿಂದೆ ಕೂತಿದ್ದ ಅವ್ವನೂ ಇಳಿದಳು. ಆದರೆ ಇಂಜಿನ್ ಆಫ್ ಮಾಡೆಂದು ಯಾರೂ ಹೇಳಿರಲಿಲ್ಲವಲ್ಲ. ಮಾರನೆಯ ದಿನವೇ ಆ ಕೊಳವೆ ಕಿತ್ತು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಗಾಡಿಯ ಪಕ್ಕ ನಿಧಾನವಾಗಿ ನಡೆಯುತ್ತ ಆಕ್ಸಿಲರೇಟರ್ ತಿರುವಿದ. ಜಗಲಿಯಲ್ಲಿ ಹರಟುತ್ತಿದ್ದವರು ಅವನು ದಾಟುವವರೆಗೂ ಬಾಯಿ ಮುಚ್ಚಿಕೊಂಡು ಕೂರಬೇಕಾಯಿತು. ಕೆಲಸದಲ್ಲಿರುವವರೆಗೂ ಹಾಗೇ ಮಾಡಿದ.

ಅಪ್ಪ ಹೋದ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು. ಅದನ್ನು ಹೊಳೆಯುವ ಬೊಂಬೆ ಮಾಡಿ ನಿಲ್ಲಿಸುವ ಆಸೆ ನನಗಿರಲಿಲ್ಲ. ಆ ಸದ್ದು ಮತ್ತೆ ಬೇಕಿತ್ತು, ಅಷ್ಟೆ.

"ಪಿಸ್ಟನ್ ಒಸ್ದಾಕು, ಟೈರಾಕು, ಟ್ಯಾಂಕಿನ್ ತುಕ್ಕು ತಗಿ. ಸೈಲೆನ್ಸರ್ ಮುಟ್ಟೀಯ, ಉಸಾರು," ಎಂದೆ.

"ಅದು ಒರಿಜಿನಲ್ ಅಲ್ವಲ್ಲ ಸಾರ್," ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡ.

"ನಮ್ಮನೇಲಿ ಅದೇ ಕಣಯ್ಯ ಒರಿಜಿನಲ್ಲು."

ಗಾಡಿ ಮನೆಗೆ ಬಂದ ದಿನ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಈಗ ಯಾರೂ ಇಳಿ ಎನ್ನುವುದಿಲ್ಲ. ಅನ್ನಲಿ ನೋಡೋಣ. ಆದರೂ ಆ ಬೀದಿಯ ತಿರುವು ಬಂದದ್ದೇ ತಡ, ಅವ್ವ ನನ್ನ ಹೆಗಲು ತಟ್ಟಿದಳು.

"ನಿಲ್ಸ್ಲಾ ಮಗ, ಇಳ್ಕತೀನಿ."

ನನಗೆ ಸಿಟ್ಟು ಬಂತು. ಅಂದು ಇಳಿ ಎಂದವನು ಸತ್ತು ಎಷ್ಟೋ ವರ್ಷವಾಗಿತ್ತು, ಅವನ ಅಪ್ಪಣೆ ಮಾತ್ರ ಇವಳ ಕಾಲಿನಲ್ಲಿ ಇನ್ನೂ ಬದುಕಿತ್ತು.

"ಕುಂತ್ಕಳವ್ವ," ಎಂದೆ. ನಿಲ್ಲಿಸಲಿಲ್ಲ.

ಆ ಜಗಲಿಯ ಮುಂದೆ ಬಂದಾಗ ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇಷ್ಟೇಯೇನ್ಲಾ ಸದ್ದು? ನಿಮ್ಮಪ್ಪ ಇನ್ನೂ ಜೋರಾಗಿ ಕೊಡೋನು."