ಸ್ಟಾಪ್‌ವಾಚ್ ಅತ್ತಿಗೆ

ನಮ್ಮ ಅತ್ತಿಗೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಸ್ಟಾಪ್‌ವಾಚ್ ಮೇಡಂ ಎಂದೇ. ಪಾರ್ಶ್ವವಾಯು ಹೊಡೆದವರ ಕೈ ಎಷ್ಟು ಚೇತರಿಸಿಕೊಂಡಿದೆ ಎಂದು ಅಳೆಯುವುದು ಅವರ ಕೆಲಸ. ನಡುವೆ ಹಲಗೆ ಅಡ್ಡವಿಟ್ಟ ಪೆಟ್ಟಿಗೆಯಲ್ಲಿ ಮರದ ತುಂಡುಗಳಿರುತ್ತವೆ. ಒಂದು ನಿಮಿಷದಲ್ಲಿ ಎಷ್ಟನ್ನು ಆಚೆ ಬದಿಗೆ ದಾಟಿಸಿದರೋ ಅಷ್ಟೇ ಅಂಕ. ಕೈ ಮುಂದೆ ಬಾರದವರು ಮೈಯನ್ನೇ ಬಗ್ಗಿಸಿದರೆ, "ಪರೀಕ್ಷೆ ಕೈಗೆ ಯಜಮಾನ್ರೇ, ಬೆನ್ನಿಗಲ್ಲ" ಎನ್ನುತ್ತಾರೆ. ಎತ್ತಿದ ತುಂಡು ಇನ್ನೂ ಹಲಗೆಯ ಮೇಲಿರುವಾಗ ನಿಮಿಷ ಮುಗಿಯಿತೋ, ದೇವರೇ ಇಳಿದು ಬಂದು ಹೇಳಿದರೂ ಅದು ಲೆಕ್ಕಕ್ಕಿಲ್ಲ. ಈ ಚಾಳಿ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲುವುದೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದರೂ, ಮನೆಯಲ್ಲಿ ನಾನು ಚಹಾದ ಲೋಟ ಎತ್ತಿದರೂ ಅವರ ಕಣ್ಣು ಕೈಗಡಿಯಾರಕ್ಕೆ ಹೋಗುತ್ತದೆ. "ನಿನ್ನ ಹೆಬ್ಬೆರಳು ಸೋಮಾರಿ ಕಣೋ" ಎಂದು ನನಗೆ ತೀರ್ಪನ್ನೂ ಕೊಟ್ಟಾಗಿದೆ. ಬೆಳಿಗ್ಗೆ ಮಾತ್ರ, ಹೋದ ವರ್ಷ ಬಲಗೈಯ ಸ್ವಾಧೀನ ಕಳೆದುಕೊಂಡ ನಮ್ಮಣ್ಣ ಅಂಗಿಯ ಗುಂಡಿಗಳ ಜೊತೆ ಹೆಣಗಲು ಕೂತಾಗ, ಅತ್ತಿಗೆ ಗಡಿಯಾರ ಬಿಚ್ಚಿ ಡ್ರಾಯರಿನಲ್ಲಿಟ್ಟು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ. ಕೊನೆಯ ಗುಂಡಿಯನ್ನೂ ಹಾಕಿಕೊಂಡು ಅಣ್ಣ, "ಎಷ್ಟು ಹೊತ್ತು ಹಿಡೀತು?" ಎಂದು ಕೇಳುತ್ತಾನೆ. "ನೋಡ್ಲಿಲ್ಲ ಕಣ್ರೀ" ಎನ್ನುತ್ತಾರೆ ಅತ್ತಿಗೆ.